ಹೊಳೆಯ ಹರಿವಿಗೆ ಆಕಾಶದ ಲೆಕ್ಕ

೨೦೧೯ನೆಯ ಇಸವಿಯ ಆಗಸ್ಟ್ ತಿಂಗಳ ಮಾತು. ಆಗ ನಾನಿನ್ನೂ ಪತ್ರಿಕೆಯ ಮೇಜಿಗೆ ಬಂದಿರಲಿಲ್ಲ. ಮುಂಬಯಿಯ ಉಪನಗರವೊಂದರಲ್ಲಿ ನನ್ನ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಚಿಲ್ಲರೆ ಎಣಿಸುತ್ತಿದ್ದೆ. ಹೊರಗೆ ಮಳೆ ಎಡೆಬಿಡದೆ ಸುರಿಯುತ್ತಿತ್ತು. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ, ನಮ್ಮಲ್ಲಿ ಮೇಜು ಒರೆಸುತ್ತಿದ್ದ ಅಥಣಿ ತಾಲೂಕಿನ ಹುಡುಗನೊಬ್ಬನು ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡು ಬಂದು ನನ್ನೆದುರು ನಿಂತನು. ಅವನ ಊರು ಕೃಷ್ಣಾ ನದಿಯ ದಂಡೆಯದು.

“ಅಣ್ಣಾರ, ಹೊಳಿಗೆ ಎರಡ ಲಕ್ಷ ಕ್ಯೂಸೆಕ್ಸ್ ನೀರ ಬರಾಕತ್ತೈತಂತ. ಎರಡ ಲಕ್ಷ ಅಂದ್ರ ಎಷ್ಟರಿ? ನಮ್ಮ ಮನಿ ಮಟಾ ಬರ್ತೈತೇನ್ರಿ?” ಎಂದು ಕೇಳಿದನು.

ಗಲ್ಲೆಯ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಹಿಡಿದುಬಿಡುತ್ತಿದ್ದ ನನಗೆ ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ. ರಜೆ ಕೊಟ್ಟು ಊರಿಗೆ ಕಳುಹಿಸೋಣವೆಂದರೆ ಕೊಲ್ಲಾಪುರದ ಬಳಿ ಹೆದ್ದಾರಿಯೇ ನೀರಿನಲ್ಲಿ ಮುಳುಗಿ ಸಂಚಾರ ನಿಂತುಹೋಗಿತ್ತು. ಅವನು ಮತ್ತೆ ಬಟ್ಟೆ ಹಿಡಿದು ಮೇಜು ಒರೆಸತೊಡಗಿದನು. ಅಂದಿನಿಂದ ಈ ‘ಕ್ಯೂಸೆಕ್ಸ್’ ಎಂಬ ಶಬ್ದ ನನ್ನನ್ನು ಬಿಟ್ಟಿಲ್ಲ. ಹೊಳೆಯ ನೀರನ್ನು ಯಾರು ಅಳೆಯುತ್ತಾರೆ, ಹೇಗೆ ಅಳೆಯುತ್ತಾರೆ, ಈಚಿನ ವರ್ಷಗಳಲ್ಲಿ ನೂರಾರು ಮೈಲಿ ಎತ್ತರದ ಕೃತಕ ಉಪಗ್ರಹದಿಂದ ನೋಡಿ ಅಳೆಯುತ್ತಾರೆಂಬುದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ನನ್ನ ಅಲ್ಪಮತಿಗೆ ನಿಲುಕಿದಷ್ಟು ತಿಳಿದುಕೊಂಡು ವಾಚಕರ ಮುಂದಿಡುತ್ತಿದ್ದೇನೆ.

ಎರಡು ಲಕ್ಷವೆಂದರೆ ಎಷ್ಟು?

ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದೇ ಒಂದು ಕ್ಯೂಸೆಕ್. ಲೀಟರಿನ ಲೆಕ್ಕದಲ್ಲಿ ಸುಮಾರು ೨೮.೩ ಲೀಟರು. ಎಂದರೆ, ನಮ್ಮ ಹೋಟೆಲುಗಳಿಗೆ ಬರುವ ೨೦ ಲೀಟರಿನ ನೀರಿನ ಕ್ಯಾನುಗಳಲ್ಲಿ ಹೆಚ್ಚುಕಡಿಮೆ ಒಂದೂವರೆ ಕ್ಯಾನು ಕಣ್ಣು ಮಿಟುಕಿಸುವಷ್ಟರಲ್ಲಿ ಬರಿದಾದಂತೆ. ಎರಡು ಲಕ್ಷ ಕ್ಯೂಸೆಕ್ಸ್ ಎಂದರೆ ಪ್ರತಿ ಸೆಕೆಂಡಿಗೆ ೫೬ ಲಕ್ಷ ಲೀಟರಿಗೂ ಮಿಕ್ಕಿದ ನೀರು. ಬೇಸಗೆಯಲ್ಲಿ ನಮ್ಮ ಓಣಿಗಳಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರುಗಳು ೫೬೬ ಒಟ್ಟಿಗೆ ಬಂದು ಒಂದೇ ಸೆಕೆಂಡಿನಲ್ಲಿ ನೀರು ಸುರಿದರೆ ಎಷ್ಟೋ ಅಷ್ಟು. ಈ ಪ್ರವಾಹ ಒಂದು ದಿನವಿಡೀ ಹರಿದರೆ ೧೭ ಟಿ.ಎಂ.ಸಿ.ಗೂ ಹೆಚ್ಚಾಗುತ್ತದೆ. ಪೂರ್ಣಮಟ್ಟದಲ್ಲಿ ೧೨೩ ಟಿ.ಎಂ.ಸಿ. ನೀರು ಹಿಡಿಯುವ ಆಲಮಟ್ಟಿ ಜಲಾಶಯ ಬರಿದಾಗಿದ್ದರೆ ಏಳು ದಿನಗಳಲ್ಲಿ ತುಂಬಿಬಿಡುತ್ತದೆ.

ಹುಡುಗನ ಪ್ರಶ್ನೆಯ ಮೊದಲ ಅರ್ಧಕ್ಕೆ ಇದು ಉತ್ತರವಾಯಿತು. ‘ನಮ್ಮ ಮನಿ ಮಟಾ ಬರ್ತೈತೇನ್ರಿ’ ಎಂಬ ಎರಡನೆಯ ಅರ್ಧವೇ ಕಷ್ಟದ್ದು. ಅದಕ್ಕೆ ಆಮೇಲೆ ಬರೋಣ.

ದಡದಲ್ಲಿ ನಿಂತು ಅಳೆಯುವ ಬಗೆ

ಹರಿವಿನ ಲೆಕ್ಕ ಮೂರು ಅಂಕಿಗಳ ಗುಣಾಕಾರ: ನೀರಿನ ಅಗಲ, ಆಳ ಮತ್ತು ವೇಗ. ಇದು ರಾತ್ರಿ ಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ. ಆದರೆ ತುಂಬಿ ಹರಿಯುವ ಹೊಳೆಯಲ್ಲಿ ಆ ಮೂರು ಅಂಕಿಗಳನ್ನು ಸಂಪಾದಿಸುವುದು ಸುಲಭಸಾಧ್ಯವಲ್ಲ.

ಎಂಜಿನಿಯರುಗಳು ನದಿಗೆ ಅಡ್ಡಲಾಗಿ ಒಂದು ಗೆರೆಯನ್ನು ಗೊತ್ತುಮಾಡಿ ಅದನ್ನು ಹತ್ತಾರು ಪಾಲು ಮಾಡುತ್ತಾರೆ. ದೋಣಿಯಲ್ಲಿಯೋ ಸೇತುವೆಯ ಮೇಲೆಯೋ ನಿಂತು ಪ್ರತಿಯೊಂದು ಪಾಲಿನ ಆಳವನ್ನು ಅಳೆಯುತ್ತಾರೆ. ಪುಟ್ಟ ಚಕ್ರವುಳ್ಳ ಪ್ರವಾಹಮಾಪಕವನ್ನು ನೀರಿಗಿಳಿಸಿ ವೇಗವನ್ನು ತಿಳಿಯುತ್ತಾರೆ. ಹೊಳೆಯ ನೀರು ಮೇಲ್ಭಾಗದಲ್ಲಿ ವೇಗವಾಗಿಯೂ ತಳದಲ್ಲಿ ನಿಧಾನವಾಗಿಯೂ ಹರಿಯುವುದರಿಂದ, ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಇರುವ ವೇಗವನ್ನು ಸರಾಸರಿಯೆಂದು ಹಿಡಿಯುವುದು ವಾಡಿಕೆ. ಪಾಲುಗಳನ್ನೆಲ್ಲ ಕೂಡಿಸಿದರೆ ಆ ದಿನದ ಹರಿವು ಸಿಕ್ಕಿತು.

ದಿನದಿನವೂ ಇಷ್ಟು ಶ್ರಮಪಡುವುದು ಆಗದ ಮಾತು. ಆದುದರಿಂದ ನೀರಿನ ಬೇರೆಬೇರೆ ಮಟ್ಟಗಳಲ್ಲಿ ಹಲವು ಬಾರಿ ಅಳೆದು, ‘ಮಟ್ಟ ಇಷ್ಟಿದ್ದರೆ ಹರಿವು ಇಷ್ಟು’ ಎಂಬ ಒಂದು ಕೋಷ್ಟಕವನ್ನು ಸಿದ್ಧಪಡಿಸುತ್ತಾರೆ. ಅನಂತರ ಬೆಳಿಗ್ಗೆ ಎಂಟು ಗಂಟೆಗೆ ಒಬ್ಬನು ಹೋಗಿ ದಡದಲ್ಲಿ ನೆಟ್ಟ ಅಳತೆಪಟ್ಟಿಯನ್ನು ಓದಿ ಬಂದರೆ ಸಾಕು. ನೆರೆಯ ಕಾಲದಲ್ಲಿ ಗಂಟೆಗೊಮ್ಮೆ ಓದುತ್ತಾರೆ. ಅಡುಗೆಭಟ್ಟರು ಕೊಪ್ಪರಿಗೆಯಲ್ಲಿ ಸೌಟು ಅದ್ದಿ, ‘ಇನ್ನು ಐವತ್ತು ಊಟಕ್ಕೆ ಸಾಂಬಾರಿದೆ’ ಎಂದು ಹೇಳುವುದಿಲ್ಲವೇ? ಇದೂ ಹಾಗೆಯೇ. ಭಟ್ಟರ ಮಾತು ಸುಳ್ಳಾಗದಿರುವುದು ಕೊಪ್ಪರಿಗೆ ಬದಲಾಗದೆ ಇರುವವರೆಗೆ ಮಾತ್ರ.

ಕೊಪ್ಪರಿಗೆ ಬದಲಾದಾಗ

ಹೊಳೆಯ ಕೊಪ್ಪರಿಗೆ ಬದಲಾಗುತ್ತದೆ. ಇದನ್ನು ದಿಲ್ಲಿಯ ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. ನಮ್ಮ ದೇಶದಲ್ಲಿ ಕೇಂದ್ರ ಜಲ ಆಯೋಗದ ನೆರೆ ಮುನ್ಸೂಚನೆಯ ಕಾರ್ಯ ಆರಂಭವಾದದ್ದು ೧೯೫೮ರಲ್ಲಿ, ದಿಲ್ಲಿಯ ಹಳೆಯ ರೈಲ್ವೆ ಸೇತುವೆಯ ಬಳಿ. ಯಮುನೆಯ ಮೇಲಣ ಹಥನಿಕುಂಡ ಬ್ಯಾರೇಜಿನಿಂದ ಬಿಟ್ಟ ನೀರು ಎರಡು ಮೂರು ದಿನಗಳಲ್ಲಿ ಆ ಸೇತುವೆಯನ್ನು ಮುಟ್ಟುತ್ತದೆ.

೨೦೧೯ರ ಆಗಸ್ಟಿನಲ್ಲಿ ಹಥನಿಕುಂಡದಿಂದ ಹರಿದ ನೀರು ೮.೨೮ ಲಕ್ಷ ಕ್ಯೂಸೆಕ್ಸ್. ಆಗ ಹಳೆಯ ಸೇತುವೆಯಲ್ಲಿ ಯಮುನೆ ಏರಿದ್ದು ೨೦೬.೬೦ ಮೀಟರಿಗೆ. ೨೦೨೩ರ ಜುಲೈಯಲ್ಲಿ ಹರಿದದ್ದು ೩.೫೯ ಲಕ್ಷ ಕ್ಯೂಸೆಕ್ಸ್; ಆದರೆ ಯಮುನೆ ೨೦೮.೬೬ ಮೀಟರಿಗೆ ಏರಿ, ೧೯೭೮ರ ೨೦೭.೪೯ ಮೀಟರಿನ ಹಳೆಯ ದಾಖಲೆಯನ್ನು ಮೀರಿ, ರಾಜಧಾನಿಯ ಬೀದಿಗಳಿಗೆ ನುಗ್ಗಿತು. ಅರ್ಧಕ್ಕಿಂತಲೂ ಕಡಿಮೆ ನೀರಿಗೆ ಎರಡು ಮೀಟರು ಹೆಚ್ಚು ಏರಿಕೆ! ಆ ಸಲ ನೀರು ಹೆಚ್ಚು ಹೊತ್ತು ಒಂದೇ ಸಮನೆ ಬಂದಿತು, ಮಳೆಯೂ ಸೇರಿತು, ಹೊಳೆಯ ಬಯಲನ್ನು ಕಟ್ಟಡಗಳು ನುಂಗಿದ್ದವು, ಪಾತ್ರದಲ್ಲಿ ಹೂಳು ತುಂಬಿತ್ತು, ಕೆಳಗಣ ಬ್ಯಾರೇಜೊಂದರ ಕೆಲವು ಬಾಗಿಲುಗಳು ತೆರೆಯಲಾರದೆ ಸಿಕ್ಕಿಕೊಂಡಿದ್ದವು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮಟ್ಟವನ್ನು ಮಾತ್ರ ನೋಡಿ ಹರಿವನ್ನು ಹೇಳಲಾಗದು; ಹರಿವನ್ನು ಮಾತ್ರ ಕೇಳಿ ಮಟ್ಟವನ್ನೂ ಹೇಳಲಾಗದು. ಎರಡರ ನಡುವೆ ಹೊಳೆಯ ಅಗಲ, ಇಳಿಜಾರು, ತಳದ ಒರಟುತನ ಇವೆಲ್ಲ ಸೇರಿಕೊಂಡಿರುತ್ತವೆ. ದಡದಲ್ಲಿ ನಿಂತವನಿಗೆ ತನ್ನ ಕಾಲ ಬುಡದ ನೀರು ಮಾತ್ರ ಕಾಣುತ್ತದೆ. ಇಡೀ ಹೊಳೆಯನ್ನು ಒಟ್ಟಾಗಿ ನೋಡಬೇಕಾದರೆ ಮೇಲೇರಬೇಕು.

ಮೇಲಿನಿಂದ ಕಾಣುವುದು ಅಗಲ

ಅಮೆರಿಕದವರು ೧೯೭೨ರ ಜುಲೈಯಲ್ಲಿ ಹಾರಿಸಿದ ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹದ ಕಾಲದಿಂದಲೂ ಭೂಮಿಯ ಚಿತ್ರಗಳು ಎಡೆಬಿಡದೆ ಬರುತ್ತಿವೆ. ಮನುಷ್ಯನ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ನೀರು ಕಪ್ಪಾಗಿಯೂ ನೆಲ ಹಾಗೂ ಹಸಿರು ತಿಳಿಯಾಗಿಯೂ ಕಾಣುತ್ತವೆ. ಚಿತ್ರವೆಂದರೆ ಚೌಕಟ್ಟಿನ ಕಾಗದದಂತೆ ಸಣ್ಣ ಸಣ್ಣ ಚೌಕಗಳ ಸಮೂಹ. ಒಂದು ಚೌಕ ನೆಲದ ಮೇಲಿನ ೩೦ ಮೀಟರಿಗೆ ಸಮ. ಐರೋಪ್ಯರ ಸೆಂಟಿನೆಲ್-೨ರ ಚಿತ್ರದಲ್ಲಿ ೧೦ ಮೀಟರಿಗೆ ಸಮ. ಕಪ್ಪು ಚೌಕಗಳನ್ನು ಎಣಿಸಿದರೆ ಹೊಳೆಯ ಅಗಲ ಗೊತ್ತಾಗುತ್ತದೆ.

ಅಗಲದಿಂದ ಹರಿವನ್ನು ತಿಳಿಯುವ ದಾರಿಯನ್ನು ಉಪಗ್ರಹಗಳು ಹುಟ್ಟುವ ಮೊದಲೇ, ೧೯೫೩ರಲ್ಲಿ, ಅಮೆರಿಕದ ಲೂನಾ ಲಿಯೊಪೋಲ್ಡ್ ಮತ್ತು ಥಾಮಸ್ ಮ್ಯಾಡಕ್ ಎಂಬಿಬ್ಬರು ತೋರಿಸಿದ್ದರು. ಅವರು ಬಹಳ ನದಿಗಳ ಅಳತೆಗಳನ್ನು ಪರಿಶೀಲಿಸಿ, ಒಂದು ಸ್ಥಳದಲ್ಲಿ ಹರಿವು ಹೆಚ್ಚಿದಂತೆ ಅಗಲ, ಆಳ, ವೇಗಗಳು ಒಂದು ನಿಯಮಕ್ಕೊಳಪಟ್ಟು ಹೆಚ್ಚುತ್ತವೆಂದು ಕಂಡುಕೊಂಡರು. ಅವರ ಸರಾಸರಿಯ ಪ್ರಕಾರ ಹರಿವು ಎರಡು ಪಟ್ಟಾದರೆ ಅಗಲವು ನೂರಕ್ಕೆ ಸುಮಾರು ೨೦ರಷ್ಟು, ಆಳವು ೩೨ರಷ್ಟು, ವೇಗವು ೨೭ರಷ್ಟು ಹೆಚ್ಚುತ್ತದೆ. ಗುಮಾಸ್ತ ಬಂಧುಗಳು ೧.೨೦, ೧.೩೨, ೧.೨೭ ಈ ಮೂರನ್ನು ಗುಣಿಸಿ ನೋಡಲಿ. ಸರಿಯಾಗಿ ಎರಡರ ಸಮೀಪಕ್ಕೆ ಬರುತ್ತದೆ. ಹೀಗಿರುವಾಗ ಮೂರರಲ್ಲಿ ಒಂದರ ಏರಿಳಿತ ತಿಳಿದರೂ ಒಟ್ಟು ಹರಿವನ್ನು ಊಹಿಸುವುದಕ್ಕೆ ಆಧಾರ ದೊರೆತಂತಾಯಿತು.

೨೦೧೪ರಲ್ಲಿ ಕಾಲಿನ್ ಗ್ಲೀಸನ್ ಮತ್ತು ಲಾರೆನ್ಸ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದೇ ಹೊಳೆಯ ಅನೇಕ ಸ್ಥಳಗಳ ಅಗಲವನ್ನು ಅನೇಕ ಚಿತ್ರಗಳಲ್ಲಿ ಅಳೆದು, ಆ ಅಗಲಗಳ ಪರಸ್ಪರ ಸಂಬಂಧದಿಂದಲೇ ಹರಿವನ್ನು ಅಂದಾಜು ಮಾಡುವ ವಿಧಾನವನ್ನು ಪ್ರಕಟಿಸಿದರು. ಮಿಸಿಸಿಪ್ಪಿ, ಚೀನದ ಯಾಂಗ್‌ಟ್ಸಿ, ಕೆನಡದ ಅಥಬಾಸ್ಕಾ ನದಿಗಳಲ್ಲಿ ಪರೀಕ್ಷಿಸಿದಾಗ ಅವರ ಲೆಕ್ಕವು ದಡದ ಅಳತೆಗಿಂತ ನೂರಕ್ಕೆ ೨೦ರಿಂದ ೩೦ರಷ್ಟು ಆಚೀಚೆಯಾಗಿತ್ತು. ನೂರು ಗಿರಾಕಿಗಳು ಬಂದಾಗ ಎಪ್ಪತ್ತೆಂದೋ ನೂರಮೂವತ್ತೆಂದೋ ಹೇಳುವವನನ್ನು ಗಲ್ಲೆಯಲ್ಲಿ ಕೂರಿಸಲಾಗದು, ನಿಜ. ಆದರೆ ಗಲ್ಲೆಯೇ ಇಲ್ಲದ, ಲೆಕ್ಕವನ್ನೇ ಇಡದ ಅಂಗಡಿಗೆ ಅವನೂ ಬೇಕಾದವನೇ. ಜಗತ್ತಿನಲ್ಲಿ ಅಳತೆಪಟ್ಟಿಯನ್ನೇ ಕಾಣದ ಹೊಳೆಗಳು ಅಸಂಖ್ಯಾತವಾಗಿವೆ.

ಈ ವಿಧಾನ ಎಲ್ಲೆಡೆಗೂ ಸಲ್ಲದು. ಬ್ರಹ್ಮಪುತ್ರಾ ನದಿಯನ್ನೇ ನೋಡಿ. ಅಸ್ಸಾಮಿನ ಬಯಲಿನಲ್ಲಿ ಅದು ಹತ್ತು ಕಿಲೋಮೀಟರಿಗೂ ಮಿಗಿಲಾಗಿ ಹರಡಿಕೊಂಡು, ನೀರು ಹೆಚ್ಚಿದಂತೆಲ್ಲ ಮರಳ ದಿಬ್ಬಗಳನ್ನು ಮುಳುಗಿಸುತ್ತ ಅಗಲವಾಗುತ್ತದೆ. ಅದೇ ನದಿ ಗುವಾಹಟಿಯ ಸರಾಯಿಘಾಟ್ ಸೇತುವೆಯ ಬಳಿ ಸುಮಾರು ಒಂದೂಕಾಲು ಕಿಲೋಮೀಟರಿನಷ್ಟಕ್ಕೆ ಕುಗ್ಗುತ್ತದೆ. ಗಟ್ಟಿ ದಡಗಳ ನಡುವೆ ಅಲ್ಲಿ ನೀರು ಏರುತ್ತದೆಯೇ ಹೊರತು ಹರಡುವುದಿಲ್ಲ. ಅಂತಹ ಕಡೆ ಚಿತ್ರದಲ್ಲಿ ಅಗಲ ನೋಡಿ ಕುಳಿತವನು ಮೋಸಹೋಗುತ್ತಾನೆ. ಅಲ್ಲಿಗೆ ಎತ್ತರವೇ ಬೇಕು.

ಎತ್ತರ ಮತ್ತು ಇಳಿಜಾರು

ಎತ್ತರವನ್ನು ಅಳೆಯುವುದು ರೇಡಾರಿನಿಂದ. ಉಪಗ್ರಹವು ಕೆಳಮುಖವಾಗಿ ರೇಡಿಯೊ ಅಲೆಯನ್ನು ಬಿಡುತ್ತದೆ; ಅದು ನೀರಿಗೆ ತಾಗಿ ಹಿಂದಿರುಗುತ್ತದೆ. ಅಲೆಯು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ವೇಗದಲ್ಲಿ ಹೋಗುವುದರಿಂದ, ಹೋಗಿ ಬಂದ ಕಾಲವನ್ನು ಅತಿಸೂಕ್ಷ್ಮವಾಗಿ ಎಣಿಸಿದರೆ ನೀರಿನ ಮೇಲ್ಮೈ ಎಷ್ಟು ದೂರದಲ್ಲಿದೆಯೆಂದು ತಿಳಿಯುತ್ತದೆ. ೧೯೯೨ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ದೇಶಗಳು ಕೂಡಿ ಹಾರಿಸಿದ ಟೋಪೆಕ್ಸ್-ಪೊಸೈಡನ್ ಸಮುದ್ರಕ್ಕಾಗಿ ಮಾಡಿದ್ದು. ದೊಡ್ಡ ನದಿಗಳನ್ನು ದಾಟುವಾಗಲೂ ಅದರ ಅಳತೆ ಉಪಯೋಗಕ್ಕೆ ಬರುತ್ತದೆಂದು ಕ್ರಮೇಣ ಗೊತ್ತಾಯಿತು. ಆದರೆ ಅದು ತನ್ನ ಹಾದಿಯ ನೇರ ಕೆಳಗೆ ಬಿದ್ದ ನೀರನ್ನು ಮಾತ್ರ ಅಳೆಯುತ್ತಿತ್ತು.

ಈ ಕೊರತೆಯನ್ನು ತುಂಬಲೆಂದೇ ೨೦೨೨ರ ಡಿಸೆಂಬರ್ ೧೬ರಂದು ‘ಸ್ವಾಟ್’ ಎಂಬ ಉಪಗ್ರಹವನ್ನು ಕ್ಯಾಲಿಫೋರ್ನಿಯದಿಂದ ಹಾರಿಸಲಾಯಿತು. ಇದೂ ಅಮೆರಿಕ ಮತ್ತು ಫ್ರಾನ್ಸ್ ದೇಶಗಳ ಜಂಟಿ ಸಾಹಸ. ಕೆನಡ ಮತ್ತು ಬ್ರಿಟನ್ ಕೈಜೋಡಿಸಿವೆ. ನೆಲದಿಂದ ೮೯೧ ಕಿಲೋಮೀಟರು ಎತ್ತರದಲ್ಲಿ ಅದು ಸುತ್ತುತ್ತದೆ. ಹತ್ತು ಮೀಟರು ಉದ್ದದ ತೋಳಿನ ಎರಡು ತುದಿಗಳಲ್ಲಿ ಎರಡು ರೇಡಾರ್ ಆಂಟೆನಾಗಳು. ನಮ್ಮ ಎರಡು ಕಣ್ಣುಗಳಿಗೆ ಒಂದೇ ವಸ್ತು ತುಸು ಬೇರೆಬೇರೆಯಾಗಿ ಕಾಣುವುದರಿಂದಲ್ಲವೇ ಅದರ ದೂರ ನಮಗೆ ತಿಳಿಯುವುದು? ಹಾಗೆಯೇ ಒಂದೇ ಪ್ರತಿಧ್ವನಿಯನ್ನು ಎರಡು ಆಂಟೆನಾಗಳು ಕೂದಲೆಳೆಯ ಅಂತರದಲ್ಲಿ ಗ್ರಹಿಸುವುದರಿಂದ, ಹಾದಿಯ ಎಡಬಲಗಳಲ್ಲಿ ಐವತ್ತೈವತ್ತು ಕಿಲೋಮೀಟರಿನ ಪಟ್ಟಿಯಲ್ಲಿರುವ ನೀರಿನ ಎತ್ತರವೆಲ್ಲ ಒಮ್ಮೆಗೇ ದೊರೆಯುತ್ತದೆ. ನೂರು ಮೀಟರಿಗಿಂತ ಅಗಲವಾದ ನದಿಗಳು ಇದರ ಅಳತೆಗೆ ಸಿಗಬೇಕೆಂಬುದು ಯೋಜನೆಯ ಗುರಿ.

ಇದರ ಮುಖ್ಯ ಲಾಭವೇನೆಂದರೆ ಇಳಿಜಾರು. ಹೊಳೆಯ ನೀರು ಸಪಾಟಾಗಿ ಕಂಡರೂ ಸಮುದ್ರದ ಕಡೆಗೆ ಬಾಗಿಯೇ ಇರುತ್ತದೆ. ಬಯಲುಸೀಮೆಯಲ್ಲಿ ಆ ಬಾಗು ಕಿಲೋಮೀಟರಿಗೆ ಕೆಲವೇ ಅಂಗುಲ. ಸ್ವಾಟ್ ಉಪಗ್ರಹವು ಹತ್ತು ಕಿಲೋಮೀಟರಿನ ಉದ್ದದಲ್ಲಿ ನೋಡಿ, ಕಿಲೋಮೀಟರಿಗೆ ೧.೭ ಸೆಂಟಿಮೀಟರಿನಷ್ಟು ಸೂಕ್ಷ್ಮವಾಗಿ ಆ ಬಾಗನ್ನು ಹೇಳಬೇಕೆಂದು ಗೊತ್ತುಮಾಡಿದ್ದಾರೆ. ಇಳಿಜಾರು ತಿಳಿದರೆ ವೇಗದ ದಾರಿ ತೆರೆಯುತ್ತದೆ. ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಎಂಬ ಎಂಜಿನಿಯರು ೧೮೮೯ರಲ್ಲಿ ಮಂಡಿಸಿದ ಸೂತ್ರವನ್ನು ಇಂದಿಗೂ ನಮ್ಮ ಕಾಲುವೆಗಳ ಎಂಜಿನಿಯರುಗಳು ಬಳಸುತ್ತಾರೆ. ಅದರಂತೆ ನೀರಿನ ವೇಗವು ಆಳ, ಇಳಿಜಾರು ಮತ್ತು ತಳದ ಒರಟುತನ ಈ ಮೂರನ್ನು ಅವಲಂಬಿಸಿದೆ. ಬೇರೆಲ್ಲ ಹಾಗೆಯೇ ಇದ್ದು ಇಳಿಜಾರು ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟಾಗುತ್ತದೆ.

ಕಾಣದ ತಳ

ಇಲ್ಲಿ ಒಂದು ತೊಡಕಿದೆ. ಅಗಲ, ಎತ್ತರ, ಇಳಿಜಾರು ಇವು ಮೂರೂ ನೀರಿನ ಮೈಯ ಸಂಗತಿಗಳು. ಹೊಳೆಯ ತಳ ಎಷ್ಟು ಕೆಳಗಿದೆ, ಅದು ಮರಳೋ ಬಂಡೆಯೋ ಎಂಬುದು ಆಕಾಶದಿಂದ ಕಾಣುವುದಿಲ್ಲ. ತಳ ತಿಳಿಯದೆ ಆಳವಿಲ್ಲ, ಆಳವಿಲ್ಲದೆ ಹರಿವಿಲ್ಲ.

ವಿದ್ವಾಂಸರು ಇದಕ್ಕೆ ಹುಡುಕಿದ ಉಪಾಯ ನಮ್ಮ ವೃತ್ತಿಯವರಿಗೆ ಸುಲಭವಾಗಿ ತಿಳಿಯತಕ್ಕದ್ದು. ಹೋಟೆಲಿನ ಮಾಲಿಕನು ಒಂದು ದಿನ ಊರಿಗೆ ಹೋಗಿದ್ದನೆನ್ನಿ. ಬಂದ ಮೇಲೆ ಎಷ್ಟು ಊಟ ಹೋಯಿತೆಂದು ಹೇಗೆ ತಿಳಿಯುತ್ತಾನೆ? ಗಲ್ಲೆಯಲ್ಲಿ ಹರಿದ ಚೀಟಿಗಳನ್ನು ನೋಡುತ್ತಾನೆ. ಅಡುಗೆಮನೆಯಲ್ಲಿ ಖರ್ಚಾದ ಅಕ್ಕಿ ನೋಡುತ್ತಾನೆ. ತೊಳೆಯಲು ಬಿದ್ದ ತಟ್ಟೆಗಳನ್ನು ಕೇಳುತ್ತಾನೆ. ಮೂರೂ ಲೆಕ್ಕಗಳು ಬೇರೆಬೇರೆಯಾದರೂ ಉಂಡವರ ಸಂಖ್ಯೆ ಒಂದೇ ಆಗಿರಬೇಕು. ಒಂದು ಲೆಕ್ಕ ಹೊಂದದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಅರ್ಥ.

ಹೊಳೆಯೂ ಹಾಗೆಯೇ. ನಡುವೆ ಉಪನದಿ ಸೇರದ, ಕಾಲುವೆ ಒಡೆಯದ ಭಾಗದಲ್ಲಿ ಮೇಲಿನ ಕಿಲೋಮೀಟರಿನಲ್ಲಿ ಹರಿದಷ್ಟೇ ನೀರು ಕೆಳಗಿನ ಕಿಲೋಮೀಟರಿನಲ್ಲಿಯೂ ಹರಿಯಬೇಕು. ಆದುದರಿಂದ ಅಕ್ಕಪಕ್ಕದ ಹಲವು ಭಾಗಗಳಿಗೆ ತಳದ ಆಳವನ್ನೂ ಒರಟುತನವನ್ನೂ ಊಹಿಸಿ, ಸೂತ್ರಕ್ಕೆ ಹಾಕಿ, ಎಲ್ಲ ಭಾಗಗಳಲ್ಲೂ ಹರಿವು ಒಂದೇ ಬರುವವರೆಗೆ ಊಹೆಯನ್ನು ತಿದ್ದುತ್ತ ಹೋಗುತ್ತಾರೆ. ಬೇಸಗೆಯ ನೀರು, ಮಳೆಗಾಲದ ನೀರು ಹೀಗೆ ಬೇರೆಬೇರೆ ದಿನಗಳ ಅಳತೆ ಕೂಡಿಬಂದಂತೆಲ್ಲ ಊಹೆ ಬಿಗಿಯಾಗುತ್ತದೆ. ದಡದಲ್ಲಿ ಒಂದಾದರೂ ಅಳತೆಪಟ್ಟಿ ಇದ್ದರೆ ಅದರೊಡನೆ ತಾಳೆನೋಡಿ ಲೆಕ್ಕವನ್ನು ಇನ್ನಷ್ಟು ಸರಿಪಡಿಸಬಹುದು. ಮೇಲಿನಿಂದ ನೋಡುವವನಿಗೂ ಕೆಳಗೊಂದು ಗುರುತು ಬೇಕು ಎಂಬ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

ಮೋಡ ಮತ್ತು ಸಮಯ

ಇನ್ನೆರಡು ತೊಂದರೆಗಳಿವೆ. ಮೊದಲನೆಯದು ಮೋಡ. ನೆರೆ ಬರುವ ದಿನಗಳಲ್ಲೇ ಆಕಾಶ ಮುಚ್ಚಿರುತ್ತದೆ. ಆಗ ಬೆಳಕಿನಿಂದ ತೆಗೆದ ಚಿತ್ರದಲ್ಲಿ ಮೋಡದ ಬೆನ್ನು ಮಾತ್ರ ಕಾಣುತ್ತದೆ. ರೇಡಾರಿಗೆ ಈ ಅಡ್ಡಿಯಿಲ್ಲ. ಅದು ಮೋಡವನ್ನು ದಾಟಿ, ಹಗಲಿರುಳೆನ್ನದೆ ನೋಡುತ್ತದೆ. ನಮ್ಮ ದೇಶವು ೨೦೧೨ರಲ್ಲಿ ರೈಸ್ಯಾಟ್-೧ನ್ನೂ ೨೦೨೨ರಲ್ಲಿ ಇ.ಓ.ಎಸ್.-೦೪ನ್ನೂ ಇದೇ ಬಗೆಯ ರೇಡಾರಿನೊಡನೆ ಹಾರಿಸಿತು. ಭಾರತ ಮತ್ತು ಅಮೆರಿಕ ಒಟ್ಟಾಗಿ ನಿರ್ಮಿಸಿದ ‘ನೈಸಾರ್’ ಉಪಗ್ರಹವು ೨೦೨೫ರ ಜುಲೈ ೩೦ರಂದು ಶ್ರೀಹರಿಕೋಟದಿಂದ ಮೇಲೇರಿತು. ಹನ್ನೆರಡು ಮೀಟರು ಅಗಲದ ಆಂಟೆನಾ ಉಳ್ಳ ಈ ಮಹಾಯಂತ್ರವನ್ನು ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಎರಡನೆಯ ತೊಂದರೆ ಸಮಯದ್ದು. ನೈಸಾರ್ ಒಂದೇ ಹಾದಿಗೆ ಮರಳುವುದು ೧೨ ದಿನಗಳಿಗೊಮ್ಮೆ. ಸ್ವಾಟ್ ೨೧ ದಿನಗಳಿಗೊಮ್ಮೆ. ಕೆಲವು ಸ್ಥಳಗಳು ಆ ಅವಧಿಯಲ್ಲಿ ಎರಡು ಮೂರು ಸಲ ಕಣ್ಣಿಗೆ ಬೀಳಬಹುದು. ಆದರೆ ನೆರೆ ಮೂರು ದಿನಗಳಲ್ಲಿ ಬಂದು ಹೋಗಿರುತ್ತದೆ. ಆದುದರಿಂದ ಉಪಗ್ರಹವನ್ನು ರಾತ್ರಿ ಕಾವಲುಗಾರನೆಂದು ನಂಬಿ ಮಲಗುವಂತಿಲ್ಲ. ಹೊಳೆಯ ಸ್ವಭಾವವನ್ನು ವರ್ಷಾನುಗಟ್ಟಲೆ ಬರೆದಿಡುವ ಶ್ಯಾನುಭೋಗನೆಂದು ಅದನ್ನು ಕರೆದರೆ ಸರಿಯಾದೀತು.

ಗಡಿಯಾಚೆಯ ನೀರು

ಹಾಗಿದ್ದರೆ ಇದರಿಂದ ಜನರ ಪ್ರಾಣಕ್ಕೆ ಪ್ರಯೋಜನವಿಲ್ಲವೇ? ಇದೆ. ನೀರು ಒಂದು ದೇಶದಲ್ಲಿ ಹುಟ್ಟಿ ಇನ್ನೊಂದು ದೇಶದ ಮೇಲೆ ಬೀಳುವಲ್ಲಿ ಬಹಳವಾಗಿದೆ.

ಬಾಂಗ್ಲಾದೇಶವನ್ನು ನೋಡಿ. ಗಂಗಾ, ಬ್ರಹ್ಮಪುತ್ರಾ, ಮೇಘನಾ ನದಿಗಳ ಜಲಾನಯನ ಪ್ರದೇಶದಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಭಾಗ ಆ ದೇಶದ ಹೊರಗಿದೆ. ಗಂಗಾ, ಬ್ರಹ್ಮಪುತ್ರಾ ನದಿಗಳ ಹರಿವಿನ ಅಂಕಿಗಳನ್ನು ಭಾರತ ಸರಕಾರವು ಗೋಪ್ಯವೆಂದು ಪರಿಗಣಿಸಿದೆ. ಮಳೆಗಾಲದಲ್ಲಿ ಕೆಲವು ಠಾಣೆಗಳ ಅಂಕಿಗಳನ್ನು ಮಾತ್ರ ನೆರೆಯ ದೇಶಕ್ಕೆ ತಿಳಿಸುತ್ತದೆ. ಹೀಗಿರಲು ವಾಷಿಂಗ್ಟನ್ ವಿಶ್ವವಿದ್ಯಾಲಯದ ಫೈಸಲ್ ಹೊಸೇನ್ ಮತ್ತು ಅವರ ಸಂಗಡಿಗರು, ಭಾರತದೊಳಗೆ ಹರಿಯುವ ಈ ನದಿಗಳ ಎತ್ತರವನ್ನು ಜೇಸನ್-೨ ಉಪಗ್ರಹದಿಂದ ಓದಿ, ಅದರ ಆಧಾರದ ಮೇಲೆ ಬಾಂಗ್ಲಾದೇಶದ ನೆರೆ ಮುನ್ಸೂಚನಾ ಕೇಂದ್ರದವರು ಎಂಟು ದಿನ ಮುಂಚಿತವಾಗಿ ಎಚ್ಚರಿಕೆ ಕೊಡುವ ಏರ್ಪಾಡನ್ನು ರೂಪಿಸಿದರು. ಎಂಟು ದಿನವೆಂದರೆ ಬೆಳೆದು ನಿಂತ ಪೈರನ್ನು ಕೊಯ್ದು ದನಕರುಗಳನ್ನು ಸಾಗಿಸಲು ಸಾಕಾಗುವ ಕಾಲ.

ನಮ್ಮ ದೇಶವೂ ಇದೇ ಕಣ್ಣಿನಿಂದ ಪಾರಾದದ್ದುಂಟು. ೨೦೦೦ದಲ್ಲಿ ಸಟ್ಲೆಜ್ ನದಿಗೆ ಹಠಾತ್ತಾಗಿ ಬಂದ ನೆರೆಯಲ್ಲಿ ಹಿಮಾಚಲ ಪ್ರದೇಶದ ನೂರಕ್ಕೂ ಹೆಚ್ಚು ಜನರು ಸತ್ತರು. ೨೦೦೪ರಲ್ಲಿ ಟಿಬೆಟ್ಟಿನ ಪಾರಿಚು ನದಿಗೆ ಗುಡ್ಡ ಕುಸಿದು ಅಡ್ಡಗಟ್ಟಿ ದೊಡ್ಡದೊಂದು ಸರೋವರ ಹುಟ್ಟಿಕೊಂಡಿತು. ಅಲ್ಲಿಗೆ ನಮ್ಮ ಎಂಜಿನಿಯರು ಹೋಗುವಂತಿರಲಿಲ್ಲ. ಹೈದರಾಬಾದ್ ನಗರದಲ್ಲಿರುವ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯವರು ಉಪಗ್ರಹದ ಚಿತ್ರಗಳಲ್ಲಿ ಆ ಸರೋವರ ಹಿಗ್ಗುವುದನ್ನೂ ಕುಗ್ಗುವುದನ್ನೂ ನೋಡುತ್ತ ಕುಳಿತರು. ೨೦೦೫ರ ಜೂನ್ ೨೬ರಂದು ಕಟ್ಟೆ ಒಡೆದು ನೀರು ಸಟ್ಲೆಜ್ ನದಿಗೆ ಧುಮುಕಿತು. ಸೇತುವೆ, ರಸ್ತೆಗಳು ಕೊಚ್ಚಿಹೋದವು. ಆದರೆ ಹೊಳೆಯ ಬದಿಯ ಜನರಿಗೆ ಎಚ್ಚರಿಕೆ ತಲುಪಿದ್ದರಿಂದ ಐದು ವರ್ಷಗಳ ಹಿಂದಿನಂತಹ ಸಾವುನೋವು ತಪ್ಪಿತು.

ರಾಜ್ಯ ರಾಜ್ಯಗಳ ನಡುವಣ ವಾದಕ್ಕೂ ಈ ಸಾಕ್ಷಿ ಬರಬಹುದು. ೨೦೧೯ರ ನೆರೆಯಲ್ಲಿ, ಆಲಮಟ್ಟಿಯಲ್ಲಿ ನೀರು ತಡೆದದ್ದರಿಂದಲೇ ಸಾಂಗಲಿ ಮುಳುಗಿತೆಂದು ಆ ಕಡೆಯವರೂ, ಇಲ್ಲವೆಂದು ಈ ಕಡೆಯವರೂ ಹೇಳಿದ್ದನ್ನು ಎಲ್ಲರೂ ಕೇಳಿದ್ದೇವೆ. ಜಲಾಶಯದ ಹಿನ್ನೀರು ಹೊಳೆಯನ್ನು ತಡೆದರೆ ಅಲ್ಲಿಯವರೆಗೆ ನೀರಿನ ಇಳಿಜಾರು ಸಪ್ಪಟೆಯಾಗುತ್ತದೆ. ತಡೆಯದಿದ್ದರೆ ಇಳಿಜಾರು ಹಾಗೆಯೇ ಉಳಿಯುತ್ತದೆ. ನೆರೆಯ ದಿನ ಇಳಿಜಾರನ್ನು ಅಳೆಯಬಲ್ಲ ಉಪಗ್ರಹವು ಆ ದಾರಿಯಾಗಿ ಹಾದರೆ ಅದು ಹೇಳುವ ಮಾತು ಯಾವ ಪಕ್ಷಕ್ಕೂ ಸೇರದ ಸಾಕ್ಷ್ಯವಾಗುತ್ತದೆ. ಅದಕ್ಕೆ ರಾಜ್ಯದ ಗಡಿ ಕಾಣುವುದಿಲ್ಲ.

ನಮ್ಮ ಹೊಳೆಗಳು, ನಮ್ಮ ಗೋಡೆಗಳು

ನಾನು ಉಡುಪಿ ಜಿಲ್ಲೆಯವನು; ಸೀತಾನದಿಯ ನೀರು ಕುಡಿದು ಬೆಳೆದವನು. ಕರಾವಳಿಯ ಬಂಧುಗಳು ‘ನಮ್ಮ ಹೊಳೆಯನ್ನೂ ಸ್ವಾಟ್ ಅಳೆಯುವುದೇ?’ ಎಂದು ಕೇಳಬಹುದು. ಸತ್ಯವನ್ನೇ ಹೇಳಬೇಕು. ನಮ್ಮ ಹೊಳೆಗಳು ಘಟ್ಟದಲ್ಲಿ ಹುಟ್ಟಿ ಅಲ್ಪ ದೂರದಲ್ಲಿಯೇ ಸಮುದ್ರ ಸೇರುತ್ತವೆ. ನೂರು ಮೀಟರಿನ ಅಗಲ ಬರುವುದು ಹೆಚ್ಚಾಗಿ ಅಳಿವೆಯ ಸಮೀಪದಲ್ಲಿ. ಅಲ್ಲಿ ಭರತ ಇಳಿತಗಳ ಆಟ ಬೇರೆ. ಸಂಜೆ ಏರಿದ ನೀರು ಮರುದಿನ ಇಳಿದಿರುತ್ತದೆ. ಬಂಟ್ವಾಳದವರು ೧೯೭೪ರ ನೇತ್ರಾವತಿಯ ನೆರೆಯನ್ನು ಇಂದಿಗೂ ಹೇಳುತ್ತಾರೆ. ಅಂತಹ ನೆರೆಯನ್ನು ೨೧ ದಿನಗಳಿಗೊಮ್ಮೆ ಬರುವ ಅತಿಥಿಯು ಕಾಣದೆಯೂ ಹೋದಾನು. ನಮ್ಮಲ್ಲಿ ದಡದ ಅಳತೆಪಟ್ಟಿ, ಘಟ್ಟದ ಮಳೆಮಾಪಕ ಮತ್ತು ಅವನ್ನು ಓದುವ ಮನುಷ್ಯ ಇವರೇ ಇನ್ನೂ ಮುಖ್ಯರು.

ನಮ್ಮ ಅಜ್ಜಯ್ಯನು ಕಡವಿನ ಬಳಿಯ ಮುರಕಲ್ಲಿನ ಗೋಡೆಯ ಮೇಲೆ ಪ್ರತಿ ದೊಡ್ಡ ನೆರೆಗೂ ಒಂದು ಸುಣ್ಣದ ಗೆರೆ ಎಳೆದು ಇಸವಿ ಬರೆಯುತ್ತಿದ್ದನು. ನೀರು ಯಾವ ಗೆರೆಯನ್ನು ಮುಟ್ಟಿದರೆ ಕೊಟ್ಟಿಗೆಯ ದನಗಳನ್ನು ಬಿಚ್ಚಬೇಕು, ಯಾವ ಗೆರೆಗೆ ಭತ್ತದ ಮೂಟೆಗಳನ್ನು ಅಟ್ಟಕ್ಕೇರಿಸಬೇಕು ಎಂಬುದು ಮನೆಯ ಮಕ್ಕಳಿಗೂ ತಿಳಿದಿತ್ತು. ಅವನಿಗೆ ಕ್ಯೂಸೆಕ್ಸ್ ಗೊತ್ತಿರಲಿಲ್ಲ. ಅಥಣಿಯ ಹುಡುಗನಿಗೆ ಕ್ಯೂಸೆಕ್ಸ್ ಗೊತ್ತಿತ್ತು; ಅವನ ಮನೆಯ ಗೋಡೆಯ ಮೇಲೆ ಗೆರೆಯಿರಲಿಲ್ಲ.

ಹುಡುಗನ ಪ್ರಶ್ನೆಯ ಎರಡನೆಯ ಅರ್ಧಕ್ಕೆ ಉತ್ತರ ಇಲ್ಲಿದೆಯೆಂದು ನನಗೆ ತೋರುತ್ತದೆ. ರಾಜಾಪುರ ಬ್ಯಾರೇಜಿನಿಂದ ಇಷ್ಟು, ಕಲ್ಲೋಳದ ಬಳಿ ದೂಧಗಂಗೆಯಿಂದ ಇಷ್ಟು ಎಂದು ಮಳೆಗಾಲದಲ್ಲಿ ದಿನವೂ ಅಂಕಿಗಳು ಪ್ರಕಟವಾಗುತ್ತವೆ. ಕೇಂದ್ರ ಜಲ ಆಯೋಗವು ನದಿಗಳ ಮಟ್ಟವನ್ನು ಪ್ರಕಟಿಸುತ್ತದೆ. ಸ್ವಾಟ್ ಮತ್ತು ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಅಳತೆಗಳೂ ಲೋಕಕ್ಕೆಲ್ಲ ಉಚಿತ. ಅಂಕಿಗಳಿಗೆ ಬರವಿಲ್ಲ. ಆ ಅಂಕಿಗೂ ನಮ್ಮ ಹೊಸ್ತಿಲಿಗೂ ನಡುವೆ ಗಂಟುಹಾಕುವ ಕೆಲಸ ಬಾಕಿಯಿದೆ. ಅದನ್ನು ಆಕಾಶದವರು ಮಾಡಲಾರರು, ಮನೆಯವರೇ ಮಾಡಬೇಕು.

ಹೊಳೆಬದಿಯ ಊರುಗಳಿಂದ ಬಂದು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ದುಡಿಯುತ್ತಿರುವ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ಈ ಸಲ ಊರಿಗೆ ಹೋದಾಗ ಒಂದು ಡಬ್ಬಿ ಬಣ್ಣ ಕೊಂಡುಹೋಗಿ. ಹಿಂದಿನ ನೆರೆಗಳಲ್ಲಿ ನೀರು ಮುಟ್ಟಿದ ಎತ್ತರವನ್ನು ಹಿರಿಯರಲ್ಲಿ ಕೇಳಿ, ಮನೆಯ ಗೋಡೆಗೆ ಗೆರೆ ಎಳೆಯಿರಿ. ಅಂದು ಮೇಲಿನ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ಸ್ ಬರುತ್ತಿತ್ತು, ಸಮೀಪದ ಠಾಣೆಯಲ್ಲಿ ಮಟ್ಟ ಎಷ್ಟಿತ್ತು ಎಂಬುದನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿ ಗೆರೆಯ ಪಕ್ಕದಲ್ಲಿ ಬರೆಯಿರಿ. ಯಮುನೆಯ ಪಾಠವನ್ನು ಮಾತ್ರ ಮರೆಯಬೇಡಿ: ಹೊಳೆಯ ಪಾತ್ರ ಬದಲಾದರೆ ಅದೇ ನೀರು ಇನ್ನೊಂದು ಗೇಣು ಮೇಲೆ ಬಂದೀತು. ಆದುದರಿಂದ ಗೆರೆಗಿಂತ ಮೊದಲೇ ಎಚ್ಚರಗೊಳ್ಳಿ. ಹೊಸ ನೆರೆ ಬಂದರೆ ಹೊಸ ಗೆರೆ ಎಳೆಯಿರಿ.

ಆ ಹುಡುಗನ ಮನೆಯ ಸಂಗತಿ ಹೇಳಿ ಮುಗಿಸುತ್ತೇನೆ. ಅಂದು ರಾತ್ರಿ ನೀರು ಊರೊಳಗೆ ಬಂದಿತು. ಊರ ಶಾಲೆಯ ಮಾಸ್ತರರು ಗುಡಿಯ ಧ್ವನಿವರ್ಧಕದಲ್ಲಿ ಕೂಗಿ ಕೂಗಿ ಜನರನ್ನು ಎಬ್ಬಿಸಿದರಂತೆ. ಅವನ ತಾಯಿತಂದೆಗಳು ಎರಡು ಎಮ್ಮೆಗಳನ್ನು ಹೊಡೆದುಕೊಂಡು ಎತ್ತರದ ಶಾಲೆಯನ್ನು ಸೇರಿದರು. ಮನೆಯ ಹಿಂಗೋಡೆ ಬಿದ್ದಿತು, ಜೋಳ ಕೊಚ್ಚಿಹೋಯಿತು, ಜೀವಗಳು ಉಳಿದವು. ಹದಿನೈದು ದಿನಗಳ ಅನಂತರ ಊರಿಗೆ ಹೋಗಿಬಂದ ಹುಡುಗನು, ನೀರಿನ ಕೆಸರು ಬಾಗಿಲ ಮೇಲ್ಪಟ್ಟಿಯವರೆಗೂ ಹತ್ತಿದೆಯೆಂದು ಕೈಯೆತ್ತಿ ತೋರಿಸಿದನು. ಆ ಕೆಸರು ತೊಳೆದುಹೋಗುವ ಮೊದಲು ಅಲ್ಲೊಂದು ಗೆರೆ ಎಳೆಯಲು ಹೇಳುವ ಬುದ್ಧಿ ಆಗ ನನಗಿರಲಿಲ್ಲ. ಇಂದು ಅದನ್ನೇ ಎಲ್ಲರಿಗೂ ಹೇಳುತ್ತಿದ್ದೇನೆ.